ತೈವಾನ್ ಹೋಟೆಲಿನಲ್ಲಿ ಬುಚ್ಚಮ್ಮ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಒಬ್ಬನೇ ಮನುಷ್ಯನ ಮೇಲೆ ಆರು ವರ್ಷ, ಒಂದು ದಿನವೂ ತಪ್ಪದೆ, ಸಿಟ್ಟು ಇಟ್ಟುಕೊಳ್ಳುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಬೆಳಿಗ್ಗೆ ಮುಖ ತೊಳೆಯುವಾಗ ಒಮ್ಮೆ, ಸಂಜೆ ದೇವರಿಗೆ ದೀಪ ಹಚ್ಚುವಾಗ ಒಮ್ಮೆ ನಾನು ಭಾನುಪ್ರಕಾಶನ ಹೆಸರೆತ್ತಿ, ಅವನ ಬಾಯಿಗೆ ಮಣ್ಣು ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಮ್ಮ ಅಕ್ಕ ಬುಚ್ಚಮ್ಮ ಮಾತ್ರ ಏನೂ ಬೇಡಿಕೊಳ್ಳುತ್ತಿರಲಿಲ್ಲ. ಅವಳು ಸುಮ್ಮನಿರುತ್ತಿದ್ದಳು. ಅವಳು ಸುಮ್ಮನಿರುವುದನ್ನು ನೋಡಿಯೇ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಅವಳ ಗಂಡ ಶಂಕರಯ್ಯ, ನನ್ನ ಗಂಡ ಗಣೇಶ ಅಣ್ಣತಮ್ಮಂದಿರು. ನಾವಿಬ್ಬರೂ ಗದ್ವಾಲದ ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು. ಅವಳು ನಾರಾಯಣಪೇಟೆಯ ನೇಕಾರರ ಮಗಳು. ಮದುವೆಯಾಗಿ, ಮಖ್ತಲದಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬಂದ ದಿನವೇ ಅತ್ತೆ ಪೋಚಮ್ಮನಿಗೆ, ನಮ್ಮ ನಾರಾಯಣಪೇಟೆಯ ಸೀರೆ ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ, ನಿಮ್ಮದು ಹೇಗೆ ಎಂದು ಕೇಳಿದಳಂತೆ. ಹೊಸ ಸೊಸೆಯ ಬಾಯಿ ನೋಡಿ ಅತ್ತೆಗೆ ನಗು ಬಂದಿತಂತೆ. ನಮ್ಮದು ಎರಡು ಬಟ್ಟೆ ಸೇರಿ ಒಂದಾಗುವ ಸೀರೆ, ಮೊದಲು ಅದನ್ನು ಕಲಿ, ಬಾಯಿ ಆಮೇಲೆ ಮಾಡು ಎಂದರಂತೆ.

ಗದ್ವಾಲ ಸೀರೆ ಉಟ್ಟವರಿಗೂ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಅಂಚನ್ನು ಒಡಲಿಗೆ ಸೂಜಿಯಿಂದ ಹೊಲಿಯುವುದಿಲ್ಲ. ಮಗ್ಗದ ಮೇಲೆಯೇ ಒಡಲಿನ ಲಾಳಿಯ ಎಳೆ ಹೋಗಿ ಅಂಚಿನ ಲಾಳಿಯ ಎಳೆಯನ್ನು ಒಂದು ಸುತ್ತು ಹಿಡಿದು ತಿರುಗಬೇಕು. ಪ್ರತಿ ಸಾಲಿಗೂ ಹೀಗೆ. ಆ ಕೂಡುವ ಗೆರೆಗೆ ನಾವು ಕುಟ್ಟು ಎನ್ನುತ್ತೇವೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ನಡುವೆ ಅಕ್ಕ ಕೂರುತ್ತಿದ್ದಳು, ಅವಳ ಎಡಕ್ಕೆ ಅಂಚಿನ ಲಾಳಿ ಹಿಡಿದು ನಾನು. ಹದಿನಾಲ್ಕು ವರ್ಷ ಹಾಗೆ ಕೂತೆವು. ನನ್ನ ಬಲಗೈ ಅವಳ ಎಡಗೈಗೆ ತಾಗುತ್ತಲೇ ಇರುತ್ತಿತ್ತು.

ಅಕ್ಕನಿಗೆ ಒಂದು ಚಾಳಿ ಇದೆ. ಯಾವ ವಸ್ತು ಸಿಕ್ಕರೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ನೋಡುತ್ತಾಳೆ. ಮಗ್ಗದ ಹಾಸಿನ ಎಳೆಗಳಿಗೆ ಹಚ್ಚುವ ಗಂಜಿಯ ಹದ ನೋಡಿ ನೋಡಿ ಬಂದ ಚಾಳಿ. ಗಂಜಿ ತೆಳುವಾದರೆ ಎಳೆ ಹರಿಯುತ್ತದೆ, ಗಟ್ಟಿಯಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ರೊಟ್ಟಿ ಹಿಟ್ಟು, ಸಂತೆಯ ಬದನೆಕಾಯಿ, ಪಕ್ಕದ ಮನೆಯ ಕೂಸಿನ ಗಲ್ಲ, ಎಲ್ಲವನ್ನೂ ಅವಳು ಹೀಗೆಯೇ ಒತ್ತಿ ನೋಡಿ ತೀರ್ಪು ಕೊಡುತ್ತಾಳೆ. ತೀರ್ಪು ಕೊಟ್ಟ ಮೇಲೆ ಬದಲಿಸುವುದಿಲ್ಲ. ಅವಳು ಚೆನ್ನಾಗಿದೆ ಎಂದ ಉಪ್ಪಿನಕಾಯಿಯನ್ನು ಓಣಿಯವರು ಕಣ್ಣುಮುಚ್ಚಿ ಒಯ್ಯುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಇರುವ ಪದ್ಧತಿ ಅದು. ಸೀರೆ ಮುಗಿಯುವ ಮುಂಚೆ, ಸೆರಗಿನ ಹತ್ತಿರ ಎಡಗಡೆಯ ಕುಟ್ಟಿನಲ್ಲಿ, ಹಿಂಬದಿಗೆ ಮಾತ್ರ ಕಾಣುವಂತೆ, ಒಂದು ಕರೀ ದಾರ ಸೇರಿಸುತ್ತೇವೆ. ಸೀರೆಗೆ ದೃಷ್ಟಿಯಾಗಬಾರದು ಎಂದು ಅತ್ತೆ ಕಲಿಸಿದ್ದು. ಅಕ್ಕ ಅದನ್ನು ಮೂರು ಸಾಲಿಗೆ ಸುತ್ತಿ, ಮೂರು ಸಾಲು ಬಿಟ್ಟು, ಮತ್ತೆ ಮೂರು ಸಾಲಿಗೆ ಸುತ್ತುತ್ತಿದ್ದಳು. ಮುಂದಿನ ಬದಿಯಿಂದ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಕೊಳ್ಳುವವರಿಗೂ ಗೊತ್ತಿಲ್ಲ, ನೇಯಿಸುವ ಸಾವ್ಕಾರನಿಗೂ ಗೊತ್ತಿಲ್ಲ.

ಭಾನುಪ್ರಕಾಶ ಆ ನೇಯಿಸುವ ಸಾವ್ಕಾರ. ನೂಲು, ರೇಷ್ಮೆ ಅವನದು, ಕೈ ನಮ್ಮದು. ಆರು ವರ್ಷದ ಹಿಂದೆ ಅವನಿಗಾಗಿ ಒಂದು ಗಿಳಿಹಸಿರು ಸೀರೆ ನೇಯ್ದೆವು. ಕುಂಕುಮದ ಬಣ್ಣದ ಅಂಚು, ಅಂಚಿನ ತುಂಬ ಹಂಸ. ಅಂಥದನ್ನು ನಾವು ಮತ್ತೆ ನೇಯಲಿಲ್ಲ, ಮುಂಚೆಯೂ ನೇಯ್ದಿರಲಿಲ್ಲ. ಮಗ್ಗದಿಂದ ಇಳಿಸಿದ ದಿನ ಅಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸುಮಾರು ಹೊತ್ತು ಕೂತಿದ್ದಳು. ಅದೇ ವಾರ ನೇಕಾರರ ಸೊಸೈಟಿಯವರು ಅವಳನ್ನು ಕರೆದು, ನಮಗೇ ನೇಯಿ, ನಿನ್ನ ಹೆಸರಲ್ಲೇ ಮಾರುತ್ತೇವೆ ಎಂದಿದ್ದರು. ಅಕ್ಕ ಮುಚ್ಚಿಡುವವಳಲ್ಲ. ಸೀರೆ ಒಪ್ಪಿಸಲು ಹೋದಾಗ ಸಾವ್ಕಾರನಿಗೇ ಹೇಳಿದಳು. ಅವನು ಒಳ್ಳೆಯದಾಯಿತು ಎಂದ. ನಕ್ಕ ಕೂಡ.

ಹದಿನೈದು ದಿನದ ಮೇಲೆ, ನೂಲು ಕೊಡುವ ದಿನ, ಅವನ ಅಂಗಡಿಯ ಕಟ್ಟೆಯ ಮೇಲೆ ಇಪ್ಪತ್ತು ಮಂದಿ ನೇಕಾರರು ಕೂತಿದ್ದಾಗ, ಅವನು ಎದ್ದು ನಿಂತು ಹೇಳಿದ: "ಬುಚ್ಚಮ್ಮನ ಕುಟ್ಟು ಬಿಡ್ತೈತಿ. ಗಿರಾಕಿ ಸೀರಿ ವಾಪಸ್ ಕಳಿಸ್ಯಾರ."

ನೇಕಾರ್ತಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕುಲಗೆಟ್ಟವಳು ಎಂದಿದ್ದರೂ ನಾವು ಜಗಳಾಡಿ ಗೆಲ್ಲುತ್ತಿದ್ದೆವು. ಅಕ್ಕ ಒಂದೇ ಮಾತು ಕೇಳಿದಳು, ಸೀರೆ ತೋರಿಸಿ ಎಂದಳು. ಅವನು ತೋರಿಸಲಿಲ್ಲ. ಮೂರು ಸಲ ಅವನ ಬಾಗಿಲಿಗೆ ಹೋದಳು. ಮೂರನೆಯ ಸಲ, ಅಂಥ ಸೀರೆ ಯಾರು ಇಟ್ಟುಕೊಳ್ಳುತ್ತಾರೆ, ಸುಟ್ಟುಹಾಕಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡ. ಸೊಸೈಟಿಯವರು ಆಮೇಲೆ ನಮ್ಮ ಓಣಿಗೆ ಬರಲಿಲ್ಲ. ಬೇರೆ ಸಾವ್ಕಾರರೂ ನೂಲು ಕೊಡಲಿಲ್ಲ. ಗದ್ವಾಲದಲ್ಲಿ ಯಾರ ಮಗ್ಗದಿಂದಲಾದರೂ ಕೆಟ್ಟ ಸೀರೆ ಬಂದರೆ, ಇದೇನು ಬುಚ್ಚಮ್ಮನ ಕುಟ್ಟೇ ಎಂದು ಕೇಳುವ ರೂಢಿಯೇ ಆಯಿತು. ನಮ್ಮ ಮಗ್ಗದ ಮೇಲೆ ಒಗೆದ ಬಟ್ಟೆ ಒಣಹಾಕತೊಡಗಿದೆವು. ನಾನು ಹೊಲಿಗೆ ಕಲಿತೆ. ಅಕ್ಕ ಬೇರೆಯವರ ಮನೆಯ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತತೊಡಗಿದಳು. ಕಂಡಿಕೆ ಸುತ್ತುವುದು ಕಣ್ಣು ಮಂಜಾದ ಮುದುಕಿಯರು ಮಾಡುವ ಕೆಲಸ. ಅವಳಿಗೆ ಆಗ ನಲವತ್ತೆರಡು.

ಈ ವರ್ಷ ಸಂಕ್ರಾಂತಿಯ ಮೇಲೆ ಊರಲ್ಲಿ ಒಂದು ಸುದ್ದಿ ಎದ್ದಿತು. ಜೂರಾಲ ಡ್ಯಾಮಿಗೆ ಹೋಗುವ ರಸ್ತೆಯಲ್ಲಿ ಭಾನುಪ್ರಕಾಶನ ಸೊಸೆ ಸ್ರವಂತಿ ತೈವಾನ್ ಹೋಟೆಲು ತೆಗೆಯುತ್ತಾಳಂತೆ. ತೈವಾನ್ ಎಂದರೆ ನಮ್ಮ ಕಡೆ ಪೇರಲ ಹಣ್ಣು. ತೋಟದವರೆಲ್ಲ ಅದನ್ನೇ ಹಚ್ಚಿರುವುದು. ಹಾಗಾಗಿ ಪೇರಲ ಹಣ್ಣಿನ ಹೋಟೆಲಿಗೆ ಇಷ್ಟು ದೊಡ್ಡ ಗಾಜು ಯಾಕೆ ಎಂದು ಜನ ಕೇಳುತ್ತಿದ್ದರು. ಆ ಹುಡುಗಿ ಹೈದರಾಬಾದಿನಲ್ಲಿ ತೈವಾನಿನವರೊಬ್ಬರ ಅಡುಗೆಮನೆಯಲ್ಲಿ ನಾಲ್ಕು ವರ್ಷ ಕೆಲಸ ಕಲಿತವಳಂತೆ. ಮೊದಲ ದಿನ ಮಧ್ಯಾಹ್ನ ಊರವರೆಲ್ಲ ಬಂದು ಪುಕ್ಕಟೆ ರುಚಿ ನೋಡಬೇಕು, ಆಮೇಲೆ ಯೂಟ್ಯೂಬಿನವರ ಮೈಕಿನಲ್ಲಿ ಹೇಗಿದೆ ಎಂದು ಹೇಳಬೇಕು ಎಂದು ಓಣಿ ಓಣಿಗೆ ಚೀಟಿ ಹಂಚಿದರು. ನಮ್ಮ ಮನೆಗೂ ಒಂದು ಚೀಟಿ ಬಂತು.

ಮೈಕು ಎಂಬ ಮಾತು ಓದಿದ ಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಅಕ್ಕನ ಮುಂದೆ ಕೂತು ಹೇಳಿದೆ. ಅವನು ಇಪ್ಪತ್ತು ಜನರ ಮುಂದೆ ನಿನ್ನ ಕೈಕೆಲಸಕ್ಕೆ ಮಣ್ಣು ಹಾಕಿದ. ನೀನು ಊರಿನ ಮುಂದೆ ಅವನ ಹೋಟೆಲಿಗೆ ಮಣ್ಣು ಹಾಕು. ಹಳಸಿದೆ ಅನ್ನು, ವಾಸನೆ ಬರುತ್ತದೆ ಅನ್ನು, ನಾಲಿಗೆಗೆ ಇಡಲಾಗಲಿಲ್ಲ ಅನ್ನು. ರುಚಿಯ ವಿಷಯದಲ್ಲಿ ನಿನ್ನ ಮಾತನ್ನು ಊರು ಇನ್ನೂ ನಂಬುತ್ತದೆ, ಮರುದಿನದಿಂದ ನೊಣ ಕೂಡ ಅಲ್ಲಿಗೆ ಹೋಗುವುದಿಲ್ಲ. ಅಕ್ಕ ಕಂಡಿಕೆ ಸುತ್ತುತ್ತಲೇ ಕೇಳಿದಳು. ಕೈಯಲ್ಲಿದ್ದ ಕಂಡಿಕೆ ತುಂಬಿದ ಮೇಲೆ, ಅವತ್ತು ಬೆಳಿಗ್ಗೆಯಿಂದ ಏನೂ ತಿನ್ನದೆ ಹೋಗೋಣ ಎಂದಳು. ಆರು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನನ್ನ ಸಿಟ್ಟಿನ ಬಣ್ಣ ಕಂಡಿತು. ನನಗೆ ಖುಷಿಯೋ ಖುಷಿ.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀರೆ ಅಂಗಡಿಯವರು, ಸೊಸೈಟಿಯ ಅಧ್ಯಕ್ಷ ಪೆದ್ದಪ್ಪ, ಅವತ್ತು ಕಟ್ಟೆಯ ಮೇಲೆ ಕೂತಿದ್ದ ನೇಕಾರರಲ್ಲಿ ಹಲವರು ಇದ್ದರು. ಭಾನುಪ್ರಕಾಶ ಶಾಲು ಹೊದ್ದು ಕೌಂಟರಿನ ಪಕ್ಕ ನಿಂತು ಮದುವೆ ಮನೆಯ ಯಜಮಾನನ ಹಾಗೆ ಕೈಮುಗಿಯುತ್ತಿದ್ದ. ನಮ್ಮನ್ನು ನೋಡಿ ಅವನ ಕೈ ಅರ್ಧಕ್ಕೆ ನಿಂತಿತು. ನಾನು ಬೇಕಂತಲೇ ಅವನಿಗೆ ಕಾಣುವ ಮೇಜನ್ನೇ ಹಿಡಿದೆ. ಪಕ್ಕದ ಮೇಜಿನಲ್ಲಿ ನಾರ್ವ ಎಂಬ ಊರಿನ ಕಡೆಯ ಕುರುಬ ಮೈಲಾರಲಿಂಗ ಹೆಗಲ ಮೇಲಿನ ಕಂಬಳಿ ಕೂಡ ಇಳಿಸದೆ ಕೂತಿದ್ದ. ಸಂತೆಗೆ ಬಂದವನು ಪುಕ್ಕಟೆ ಊಟ ಎಂದು ಕೇಳಿ ಒಳಗೆ ಬಂದಿದ್ದನಂತೆ.

ಮೊದಲು ಬಂದದ್ದು ಈರುಳ್ಳಿಸೊಪ್ಪು ಹಾಕಿ ಬೇಯಿಸಿದ ಪದರ ಪದರದ ರೊಟ್ಟಿ. ಅಕ್ಕ ಒಂದು ಪದರ ಎತ್ತಿ ಒತ್ತಿ ನೋಡಿದಳು, ಮೂಸಿದಳು, ಬಾಯಿಗಿಟ್ಟಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎಣ್ಣೆ ಜಾಸ್ತಿ ಅಲ್ಲವಾ ಎಂದು ಕೇಳಿದೆ. ಅವಳು ಇಲ್ಲ ಎಂದಳು. ಎರಡನೆಯದನ್ನೂ ಎತ್ತಿಕೊಂಡಳು.

ಆಮೇಲೆ ಚಹಾ ನೀರಿನಲ್ಲಿ ಬೇಯಿಸಿದ ಮೊಟ್ಟೆ ಬಂತು. ಸಿಪ್ಪೆ ಸುಲಿದರೆ ಬಿಳಿಯ ಮೇಲೆಲ್ಲ ಕಂದು ಬಣ್ಣದ ಸಣ್ಣ ಗೆರೆಗಳ ಬಲೆ. ಒಡೆದ ಮೊಟ್ಟೆ ತಂದಿದ್ದಾರೆ ಎಂದು ನಾನು ಪಕ್ಕದವರಿಗೆ ಕೇಳಿಸುವಂತೆ ಅಂದೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬೇಯುವಾಗಲೇ ಸಿಪ್ಪೆಯನ್ನು ಮೆಲ್ಲಗೆ ಬಡಿದಿದ್ದಾರೆ, ಬಿರುಕಿನೊಳಗೆ ಬಣ್ಣ ಇಳಿಯಲಿ ಅಂತ, ಲೆಕ್ಕ ತಪ್ಪಿದರೆ ಪೂರಾ ಕಪ್ಪಾಗುತ್ತಿತ್ತು ಎಂದು ನನಗೇ ಪಾಠ ಹೇಳಿದಳು. ನನಗೆ ಮೈ ಉರಿಯಿತು. ನಾವು ಬಂದದ್ದು ಯಾಕೆ, ಇವಳು ಮಾಡುತ್ತಿರುವುದೇನು?

ಕೋಳಿಯನ್ನು ಸ್ರವಂತಿಯೇ ತಂದಳು. ಅಂಗೈಗಿಂತ ದೊಡ್ಡ ತುಂಡು, ಹಿಟ್ಟಿನಲ್ಲಿ ಹೊರಳಿಸಿ ಕರಿದದ್ದು. ಮೇಜಿನ ಮೇಲಿಟ್ಟು ದೊಡ್ಡ ಕತ್ತರಿಯಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮೇಲೆ ಮೆಣಸಿನ ಪುಡಿ ಉದುರಿಸಿದಳು. ಬಟ್ಟೆಯ ಕತ್ತರಿ ಕೋಳಿಗೆ ಬಂದಿದೆ ನೋಡು ಎಂದು ನಾನು ನಕ್ಕೆ. ಆ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ, ಅಲ್ಲಿಯವರು ಹೀಗೇ ಕೊಡುವುದು ಎಂದಳು. ಅವಳ ಮಣಿಕಟ್ಟಿನ ತುಂಬ ಎಣ್ಣೆ ಸಿಡಿದ ಕಲೆಗಳಿದ್ದವು. ಅಕ್ಕ ಆ ಕಲೆಗಳನ್ನೇ ನೋಡಿದಳು. ಅವಳ ಕೈ ನೋಡಬೇಡ ಅಕ್ಕ, ಅವಳ ಮಾವನ ಮುಖ ನೋಡು ಎಂದು ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಕೋಳಿ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಬಾಯಿಯ ಮೇಲೇ ನನಗೆ ಸಿಟ್ಟು ಬಂತು. ಆಮೇಲೆ ಹಬೆಯಲ್ಲಿ ಬೆಂದ ಬಿಳಿ ಬನ್ನು, ಒಳಗೆ ಕೋಳಿ, ಮೇಲೆ ಶೇಂಗಾ ಪುಡಿ. ಶೇಂಗಾ ನಮ್ಮ ಊರಿನದೇ, ಹುರಿದದ್ದು ಮಾತ್ರ ನಮಗಿಂತ ಚೆನ್ನಾಗಿ. ಥೂ ಎಂದು ತಿಂದೆ.

ಕೊನೆಗೆ ಹಾಲಿನ ಚಹಾ ಬಂತು. ತಣ್ಣಗಿನದು, ಎತ್ತರದ ಗ್ಲಾಸಿನಲ್ಲಿ, ತಳದಲ್ಲಿ ಕರೀ ಗುಂಡುಗಳು, ಹೀರಲು ಬೆರಳಿನಷ್ಟು ದಪ್ಪದ ಕೊಳವೆ. ಮೈಲಾರಲಿಂಗ ಗ್ಲಾಸನ್ನು ಎತ್ತಿ ಕೆಳಗಿಂದ ನೋಡಿ, ಇದನ್ನು ನಾನು ವರ್ಷವಿಡೀ ರೈತರ ಹೊಲಕ್ಕೆ ಹಾಕಿಸುತ್ತೇನೆ, ಇಲ್ಲಿ ಚಹಾಕ್ಕೆ ಹಾಕಿದ್ದಾರೆ ಎಂದ. ಸುತ್ತಲಿನ ನಾಲ್ಕು ಮೇಜಿನವರು ಗ್ಲಾಸು ಕೆಳಗಿಟ್ಟರು. ಕುರಿ ಹಿಕ್ಕಿ ಎಂಬ ಮಾತು ಹೋಟೆಲಿನ ಉದ್ದಕ್ಕೂ ಹರಡಿತು. ಸ್ರವಂತಿ ಅಡುಗೆಮನೆಯ ಬಾಗಿಲಲ್ಲಿ ಬೆಪ್ಪಾಗಿ ನಿಂತಳು. ನಾನು ಮನಸ್ಸಿನಲ್ಲೇ ಮೈಲಾರಲಿಂಗನಿಗೆ ನೂರು ವರ್ಷ ಆಯುಷ್ಯ ಹರಸಿದೆ. ಇದೇ ಹೊತ್ತು ಅಕ್ಕ, ಎದ್ದು ಮೈಕಿನಲ್ಲಿ ಅದನ್ನೇ ಹೇಳು ಎಂದೆ.

ಅಕ್ಕ ಗ್ಲಾಸಿನೊಳಗೆ ಚಮಚ ಇಳಿಸಿ ಒಂದು ಗುಂಡನ್ನು ತೆಗೆದಳು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಸ್ರವಂತಿಯನ್ನು ಹತ್ತಿರ ಕರೆದು, ಇದು ಮರಗೆಣಸಿನ ಹಿಟ್ಟು, ಹೌದಲ್ಲ ಎಂದು ಕೇಳಿದಳು. ಹುಡುಗಿ ಹೌದು ಎಂದಳು. ನಮ್ಮ ಗಂಜಿಯ ಜಾತಿಯದೇ ಇದು, ಒಂದು ಗಳಿಗೆ ಹೆಚ್ಚು ಬೆಂದಿದ್ದರೆ ಕರಗುತ್ತಿತ್ತು, ಕಡಿಮೆ ಬೆಂದಿದ್ದರೆ ನಡುವೆ ಬಿಳಿ ಉಳಿಯುತ್ತಿತ್ತು, ಯಾರು ಬೇಯಿಸಿದ್ದು ಎಂದು ಕೇಳಿದಳು. ನಾನೇ, ಎರಡು ಸಲ ಚೆಲ್ಲಿ ಮೂರನೆಯ ಸಲ ಬೆಳಗಿನಿಂದ ನಿಂತೇ ಬೇಯಿಸಿದೆ ಎಂದಳು ಸ್ರವಂತಿ. ಅಕ್ಕ ಆ ಗುಂಡನ್ನು ಬಾಯಿಗೆ ಹಾಕಿಕೊಂಡು ಎಲ್ಲರಿಗೂ ಕಾಣುವಂತೆ ಅಗಿದಳು. ಮೈಲಾರಲಿಂಗ ಅವಳನ್ನು ನೋಡಿ ತಾನೂ ಹೀರಿದ. ಒಬ್ಬೊಬ್ಬರಾಗಿ ಎಲ್ಲರೂ ಗ್ಲಾಸು ಎತ್ತಿದರು.

ನನ್ನ ಆರು ವರ್ಷ ನೀರಿನಲ್ಲಿ ಹೋಯಿತು ಎಂದು ನನಗೆ ಅಳು ಬಂತು. ಯಾಕೆ ಹೀಗೆ ಮಾಡಿದೆ ಎಂದು ಹಲ್ಲು ಕಚ್ಚಿ ಕೇಳಿದೆ.

"ಕೈಯಾರೆ ಮಾಡಿದ್ದಕ್ಕ ಸುಳ್ಳು ಹೇಳಿದ್ರ, ನಾನೂ ಅವನೂ ಒಂದ ಆಗ್ತೀವಿ, ಕರುಣಾ," ಎಂದಳು.

ಇಷ್ಟು ಹೇಳಿ ಗ್ಲಾಸಿಗೆ ಬಾಯಿ ಹಚ್ಚಿದವಳು ಹೀರುವುದನ್ನು ನಿಲ್ಲಿಸಿಬಿಟ್ಟಳು. ಅವಳ ಕಣ್ಣು ಕೌಂಟರಿನ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ಅಂದಕ್ಕೆಂದು ಒಂದು ಗದ್ವಾಲ ಸೀರೆಯನ್ನು ಉದ್ದಕ್ಕೆ ಬಿಡಿಸಿ ತೂಗುಹಾಕಿದ್ದರು. ಬಂದಾಗ ನಾನೂ ಆ ಕಡೆ ನೋಡಿದ್ದೆ, ಆದರೆ ಭಾನುಪ್ರಕಾಶನ ಮುಖ ಕಂಡ ಸಿಟ್ಟಿನಲ್ಲಿ ಸೀರೆ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಕ ಮೆಲ್ಲಗೆ, ಸೀರೆಯನ್ನು ಉಲ್ಟಾ ಹಾಕಿದ್ದಾರೆ ಎಂದಳು. ತೂಗುಹಾಕಿದವರು ಪೇಟೆಯ ಡೆಕೋರೇಶನ್ನಿನವರು. ಮುಂದಿನ ಬದಿ ಗೋಡೆಗೆ, ಹಿಂದಿನ ಬದಿ ಜನರಿಗೆ. ನಮ್ಮವರಾಗಿದ್ದರೆ ಕಣ್ಣು ಮುಚ್ಚಿ ಮುಟ್ಟಿದರೂ ಆ ತಪ್ಪು ಮಾಡುತ್ತಿರಲಿಲ್ಲ.

ಗಿಳಿಹಸಿರು ಒಡಲು, ಕುಂಕುಮದ ಅಂಚು, ಹಂಸ. ಸೆರಗಿನ ಹತ್ತಿರ ಎಡಗಡೆಯ ಕುಟ್ಟಿನಲ್ಲಿ ಕರೀ ದಾರ. ಅಷ್ಟು ದೂರದಿಂದ ಬೇರೆಯವರಿಗೆ ಅದು ಕೊಳೆಯ ಚುಕ್ಕೆ. ಸುಟ್ಟುಹಾಕಿದೆ ಎಂದಿದ್ದ ಸೀರೆ ನಮ್ಮ ಕಣ್ಣೆದುರು ಗಾಳಿಗೆ ಆಡುತ್ತಿತ್ತು. ನಾನು ಎದ್ದೇಬಿಟ್ಟೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು. ಚಹಾ ಪೂರ್ತಿ ಕುಡಿದಳು. ತಳದಲ್ಲಿದ್ದ ಕೊನೆಯ ಗುಂಡನ್ನೂ ಬಿಡಲಿಲ್ಲ. ಬಾಯಿ ಒರೆಸಿಕೊಂಡು ಮೈಕಿನ ಕಡೆಗೆ ನಡೆದಳು.

ಅವಳು ಮೈಕಿನ ಮುಂದೆ ನಿಂತ ಕೂಡಲೇ ಭಾನುಪ್ರಕಾಶ ತಾನೇ ಮುಂದೆ ಬಂದ. ಹೆದರಿದ್ದನೋ, ಮೆರೆಯಬೇಕು ಎನಿಸಿತೋ, ದೇವರಿಗೇ ಗೊತ್ತು. ಈಕೆ ಒಂದು ಕಾಲಕ್ಕೆ ನಮ್ಮಲ್ಲಿ ನೇಯುತ್ತಿದ್ದಳು, ಕುಟ್ಟು ಬಿಡುತ್ತದೆಂದು ನಾನೇ ಕೆಲಸ ಬಿಡಿಸಬೇಕಾಯಿತು, ಆದರೂ ಕರೆದಿದ್ದೇನೆ ನೋಡಿ ಎಂದು ಮೈಕಿನಲ್ಲಿ ನಗುತ್ತಾ ಹೇಳಿದ. ಕೆಲವರು ನಕ್ಕರು.

"ಸಾವ್ಕಾರ್ರೇ, ನನ್ನ ಸೀರಿ ಸುಟ್ಟೀನಿ ಅಂದಿದ್ರಿ," ಎಂದಳು ಅಕ್ಕ. "ನಿಮ್ಮ ತಲಿ ಹಿಂದ ಐತಿ ನೋಡ್ರಿ."

ಅವನು ತಿರುಗಿ ನೋಡಲಿಲ್ಲ. ಗಿಳಿಹಸಿರು ಸೀರೆ ಗದ್ವಾಲದಲ್ಲಿ ಸಾವಿರ ಇವೆ ಎಂದ. ಅಕ್ಕ ಸೊಸೈಟಿಯ ಪೆದ್ದಪ್ಪನನ್ನು ಕರೆದಳು. ಎಡಗಡೆಯ ಕುಟ್ಟಿನಲ್ಲಿ ಕರೀ ದಾರ ಇದೆ, ಮೂರು ಸಾಲು, ಆಮೇಲೆ ಮೂರು ಸಾಲು ಖಾಲಿ, ಮತ್ತೆ ಮೂರು ಸಾಲು, ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ನಾನು ಹೋಗುತ್ತೇನೆ ಎಂದಳು. ಪೆದ್ದಪ್ಪ ಕನ್ನಡಕ ಏರಿಸಿಕೊಂಡು ಕೌಂಟರಿನ ಹಿಂದೆ ಹೋದ. ಉಗುರಿನಿಂದ ಎಣಿಸಿದ. ಎರಡನೆಯ ಸಲವೂ ಎಣಿಸಿ, ಇದೆ ಎಂದ.

ಆಗ ಭಾನುಪ್ರಕಾಶನ ಬಾಯಿಂದ ಒಂದು ಮಾತು ಜಾರಿತು. ಒಳ್ಳೆಯ ಸೀರೆ ಬಚ್ಚಿಟ್ಟ ಕಳ್ಳನೆನಿಸಿಕೊಳ್ಳಬಾರದೆಂಬ ಅವಸರದಲ್ಲಿ ಆಡಿದ ಮಾತು.

"ಹೌದು, ಅದ ಸೀರಿ. ಕುಟ್ಟು ಬಿಟ್ಟ ಸೀರಿನ ಅದು. ಮಾರಾಕ ಬರೂದಿಲ್ಲಂತ ಗ್ವಾಡಿಗೆ ಹಾಕೇವಿ."

ಎಲ್ಲಿ ಬಿಟ್ಟಿದೆ, ತೋರಿಸಿ ಎಂದು ಅಕ್ಕ ಕೇಳಿದಳು. ಆರು ವರ್ಷದ ಹಿಂದೆ ಕೇಳಿದ ಅದೇ ಮಾತು, ಅದೇ ದನಿಯಲ್ಲಿ. ಈಗ ಕಾಣುವುದಿಲ್ಲ, ಎಳೆದರೆ ಬಿಡುತ್ತದೆ ಎಂದು ಅವನು ಹೇಳಿದ. ಹಾಗಾದರೆ ಎಳೆಯೋಣ ಎಂದಳು ಅಕ್ಕ.

ಸ್ರವಂತಿ ತಾನೇ ಸ್ಟೂಲು ಹತ್ತಿ ಸೀರೆ ಇಳಿಸಿ ತಂದಳು. ಮಾವ ಕಣ್ಣು ಬಿಟ್ಟು ನೋಡಿದ, ಅವಳು ಅತ್ತ ತಿರುಗಲಿಲ್ಲ. ಅಕ್ಕ ಸೀರೆಯನ್ನು ಮೇಜಿನ ಮೇಲೆ ಹಾಸಿ ಒಮ್ಮೆ ಕೈಯಾಡಿಸಿದಳು. ಕೋಳಿ ಕತ್ತರಿಸಿದ ಕತ್ತರಿಯನ್ನು ಕೇಳಿ ಪಡೆದು ತನ್ನ ಸೆರಗಿನಿಂದ ಚೆನ್ನಾಗಿ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕರುಣಾ, ಇದರಾಗ ನಿನ್ನ ಕೈನೂ ಐತಿ. ಕತ್ತರಿ ಹಾಕಲೇನು?"

ಮಗ್ಗದಿಂದ ಇಳಿದ ಸೀರೆಗೆ ಕತ್ತರಿ ತಾಗಿಸುವುದು ನಮ್ಮಲ್ಲಿ ಮಹಾ ಅಪಶಕುನ. ಆ ಸೀರೆಗೆ ಇಪ್ಪತ್ತೊಂದು ದಿನ ಕೂತಿದ್ದೆವು. ಅದನ್ನು ನೇಯುವಾಗ ನನಗೆ ಜ್ವರ ಬಂದಿತ್ತು, ಬೆನ್ನು ಹಿಡಿದಿತ್ತು, ಆದರೂ ಎದ್ದಿರಲಿಲ್ಲ. ಹಾಕು ಅಕ್ಕ ಎಂದೆ.

ಅವಳು ಸೀರೆಯ ತುದಿಯಲ್ಲಿ, ಕುಟ್ಟಿನ ಗೆರೆಯ ಮೇಲೆಯೇ, ಎರಡು ಬೆರಳಿನಷ್ಟು ಕತ್ತರಿಸಿದಳು. ಹರಿಯುವುದಾದರೆ ಇಲ್ಲಿಂದಲೇ ಹರಿಯಲಿ, ನಾನು ದಾರಿ ಮಾಡಿಕೊಟ್ಟಿದ್ದೇನೆ ಎಂದಳು. ಅಂಚಿನ ಕಡೆ ಭಾನುಪ್ರಕಾಶನ ಕೈಗೆ ಕೊಟ್ಟಳು. ಒಡಲಿನ ಕಡೆ ಹಿಡಿಯಲು ಗಟ್ಟಿ ಆಳು ಯಾರು ಎಂದು ಕೇಳಿದಾಗ ಮೈಲಾರಲಿಂಗ ಕಂಬಳಿ ಇಳಿಸಿ ಎದ್ದ. ಟಗರಿನ ಕೊಂಬು ಹಿಡಿದು ಕೆಡಹುವ ಕೈ ಅದು.

ಭಾನುಪ್ರಕಾಶ ಮೊದಲು ಮೆಲ್ಲಗೆ ಹಿಡಿದ. ಅಕ್ಕ ಅವನ ಮುಖದ ಹತ್ತಿರ ಹೋಗಿ, ಜೋರಾಗಿ ಎಳೆಯಿರಿ, ನಿಮ್ಮ ಮಾತು ನಿಜವಾಗಬೇಕಲ್ಲ ಎಂದಳು. ಅವನು ಎಳೆದ. ಮೈಲಾರಲಿಂಗ ಕಾಲೂರಿ ಎಳೆದ. ಕತ್ತರಿಸಿದ ಬಾಯಿ ಅಗಲವಾಯಿತು, ಕುಟ್ಟಿನ ಗೆರೆ ತಂತಿಯಂತೆ ಬಿಗಿಯಿತು. ಆಮೇಲೆ ಚರ್ರೆಂದು ಸದ್ದಾಯಿತು. ಹರಿದದ್ದು ಕುಟ್ಟು ಅಲ್ಲ. ಹರಿಯುವ ದಾರಿ ಕುಟ್ಟನ್ನು ಬಿಟ್ಟು ಒಡಲಿನ ಹತ್ತಿಗೆ ತಿರುಗಿತು, ಮೊಳದುದ್ದ ಓರೆಯಾಗಿ ಹರಿದುಕೊಂಡು ಹೋಯಿತು. ಕುಂಕುಮದ ಅಂಚು, ಅದಕ್ಕೆ ಹಲ್ಲಿನಂತೆ ಕಚ್ಚಿಕೊಂಡ ಹಸಿರು ಪಟ್ಟಿಯ ಸಮೇತ, ಭಾನುಪ್ರಕಾಶನ ಕೈಯಲ್ಲಿ ಉಳಿಯಿತು.

ನಾನು ಅಳುತ್ತಿದ್ದೆ. ಸಂತೋಷಕ್ಕೂ ಹೌದು, ಸೀರೆಗೂ ಹೌದು.

"ಕುಟ್ಟು ಬಿಟ್ಟತೇನ್ರಿ?" ಎಂದು ಅಕ್ಕ ಕೇಳಿದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಅಂದು ಬಾಯಲ್ಲಿ ಹೇಳಿದ್ದಿರಿ, ಇಂದೂ ಬಾಯಲ್ಲೇ ಹೇಳಿ ಎಂದು ಅವಳು ಮೈಕನ್ನು ಅವನ ತುಟಿಗೆ ಹಿಡಿದಳು. ಕುಟ್ಟು ಬಿಟ್ಟಿಲ್ಲ ಎಂದ. ಹೆಸರು ಹೇಳಿ ಎಂದಳು. ಬುಚ್ಚಮ್ಮನ ಕುಟ್ಟು ಬಿಟ್ಟಿಲ್ಲ ಎಂದ. ಕಟ್ಟೆಯ ಮೇಲೆ ಅಂದು ಕೂತಿದ್ದವರು ಎಷ್ಟು ಜನ ಇದ್ದಾರೆಂದು ನಾನು ಅಳುತ್ತಲೇ ಎಣಿಸಿದೆ. ಹದಿಮೂರು ಜನ ಇದ್ದರು. ಸಾಕು ಎನಿಸಿತು.

ಅವನು ಶಾಲು ಸರಿಮಾಡಿಕೊಂಡು, ನಾಳೆಯೇ ನೂಲು ಕಳಿಸುತ್ತೇನೆ, ಹಳೆಯದನ್ನು ಮರೆಯೋಣ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅಕ್ಕ ಅವನಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದಳು. ಮೈಕಿನಲ್ಲಿ ಊಟದ ಬಗ್ಗೆ ಹೇಳಿದಳು. ರೊಟ್ಟಿ ಚೆನ್ನಾಗಿದೆ, ಮೊಟ್ಟೆಯ ಬಣ್ಣ ಹದವಾಗಿ ಇಳಿದಿದೆ, ಹಾಲಿನ ಚಹಾದ ಗುಂಡು ಮರಗೆಣಸಿನ ಹಿಟ್ಟಿನದು, ಕುರಿಯದಲ್ಲ, ಯಾರೂ ಹೆದರಬೇಡಿ, ಇದನ್ನೆಲ್ಲ ಮಾಡಿದ್ದು ಸ್ರವಂತಿ ಎಂದಳು. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಹರಿದ ಸೀರೆಯನ್ನು ಮಡಚಲು ನಾನು ಹೋದಾಗ ಅಕ್ಕ ಬೇಡವೆಂದಳು. ಅದನ್ನು ಸ್ರವಂತಿಯ ಕೈಯಲ್ಲಿಟ್ಟು ಹೇಳಿದಳು:

"ಹರಿದದ್ದು ಕಾಣೂ ಹಂಗ ತೂಗು ಹಾಕವ್ವ. ಈ ಸಲ ಉಲ್ಟಾ ಅಲ್ಲ, ಸುಲಟಾ ಹಾಕು."

ಭಾನುಪ್ರಕಾಶ ಆ ಚಿಂದಿಯನ್ನು ಹೊರಗೆ ಎಸೆ ಎಂದು ಸೊಸೆಗೆ ಹೇಳಿದನಂತೆ. ಹೋಟೆಲು ನನ್ನ ಹೆಸರಲ್ಲಿದೆ ಮಾವಯ್ಯಾ, ಗೋಡೆಯೂ ನನ್ನದೇ ಎಂದು ಅವಳು ಸ್ಟೂಲು ಹತ್ತಿದಳಂತೆ. ಮುಂದಿನ ವಾರ ಪೆದ್ದಪ್ಪ ಸೊಸೈಟಿಯ ನೂಲು ತೆಗೆದುಕೊಂಡು ನಮ್ಮ ಓಣಿಗೆ ಬಂದ. ನಾವು ಮಗ್ಗದ ಮೇಲಿನ ಒಣಗಿದ ಬಟ್ಟೆ ತೆಗೆದೆವು. ಅಕ್ಕ ನಡುವೆ ಕೂತಳು, ನಾನು ಎಡಕ್ಕೆ ಕೂತೆ. ಆರು ವರ್ಷ ಕಂಡಿಕೆ ಸುತ್ತಿದ ಕೈಗೆ ಲಾಳಿ ಮೊದಲ ದಿನ ಹಿಡಿತಕ್ಕೆ ಸಿಗಲಿಲ್ಲ, ನಾಲ್ಕು ಬೆರಳು ನೇಯ್ದು ಬಿಚ್ಚಿದೆವು. ಅಕ್ಕನ ಸೇಡು ಅಲ್ಲಿಗೆ ಮುಗಿಯಿತು, ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ನನ್ನದು ಮುಗಿದಿಲ್ಲ, ಸುಳ್ಳು ಯಾಕೆ ಹೇಳಲಿ. ಪ್ರತಿ ಭಾನುವಾರ ಮಧ್ಯಾಹ್ನ ಸ್ರವಂತಿ ಮನೆಗೆ ಊಟಕ್ಕೆ ಹೋಗುತ್ತಾಳೆ, ಆ ಒಂದು ಗಂಟೆ ಕೌಂಟರಿನಲ್ಲಿ ಕೂರುವುದು ಅವಳ ಮಾವನ ಪಾಲಿಗೆ ಬರುತ್ತದೆ. ನಾನು ಸರಿಯಾಗಿ ಆ ಹೊತ್ತಿಗೇ ಹೋಗಿ ಅವನ ಎದುರಿನ ಮೇಜಿನಲ್ಲಿ ಕೂತು ಹಾಲಿನ ಚಹಾ ಕುಡಿಯುತ್ತೇನೆ. ಮೊನ್ನೆ ಜೂರಾಲ ನೋಡಲು ಹೊರಟಿದ್ದ ಮಖ್ತಲದ ಒಂದು ಸಂಸಾರ ಬಂತು. ಆ ಹೆಂಗಸು ಗೋಡೆಯ ಕಡೆ ನೋಡಿ, ಇಷ್ಟು ಚೆಂದದ ಸೀರೆಯನ್ನು ಹರಿದು ಯಾಕೆ ಹಾಕಿದ್ದೀರಿ ಎಂದು ಕೌಂಟರಿನಲ್ಲಿ ಕೇಳಿದಳು. ನನ್ನ ಗ್ಲಾಸು ಖಾಲಿಯಾಗಿತ್ತು. ಉತ್ತರ ಕೇಳಲೆಂದೇ ಇನ್ನೊಂದು ಗ್ಲಾಸು ಹೇಳಿದೆ.

ಭಾನುಪ್ರಕಾಶ ನನ್ನನ್ನು ನೋಡಿದ, ಸೀರೆಯನ್ನು ನೋಡಿದ.

"ಕುಟ್ಟು ಬಿಡಲಿಲ್ರೀ," ಎಂದ, "ಅದಕ್ಕ ಒಡಲು ಹರೀತು."